ವಿಮಾನಗಳ ಸೀಸ-ಆಮ್ಲ ಬ್ಯಾಟರಿ: ಚಾರ್ಜ್ ಮಾಡುವ ಹಾಗೂ ನಿರ್ವಹಿಸುವ ಕ್ರಮ

ಪೀಠಿಕೆ

ಪೈಲಟ್ ತರಬೇತಿಗಾಗಿ, ವಿಮಾನ ನಿರ್ವಹಣಾ ಇಂಜಿನಿಯರ್ ಪರವಾನಗಿಗಾಗಿ ಅಥವಾ ಹಾರಾಟ ತರಬೇತಿ ಸಂಸ್ಥೆಗಳ ಕಾರ್ಯಾಗಾರಗಳಲ್ಲಿ ತಾಂತ್ರಿಕ ಸಹಾಯಕರ ಕೆಲಸಕ್ಕಾಗಿ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳಿಗೂ, ಲಘು ವಿಮಾನಗಳ ಮಾಲೀಕರಿಗೂ ಉಪಯುಕ್ತವಾಗಲೆಂದು ಈ ಮಾಹಿತಿಯನ್ನು ಒದಗಿಸಲಾಗಿದೆ. ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಹೆಸರು ಸಾರ್ವಜನಿಕರಿಗೆ ಪರಿಚಿತವಾದದ್ದು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ತರಬೇತಿ ಸಂಸ್ಥೆಗಳಿಗಾಗಿ ದೇಶದ ಐದು ವಿಮಾನ ನಿಲ್ದಾಣಗಳನ್ನು ಆಯ್ಕೆ ಮಾಡಿದಾಗ ಬೆಳಗಾವಿ ಹಾಗೂ ಕಲಬುರಗಿ ಸಹ ಆ ಪಟ್ಟಿಯಲ್ಲಿದ್ದವು. ಇಂತಹ ಸಂಸ್ಥೆಗಳಲ್ಲಿ ಬಳಸಲಾಗುವ ಸಣ್ಣ ತರಬೇತಿ ವಿಮಾನಗಳಲ್ಲಿ ಬಹುತೇಕ ಎಲ್ಲಕ್ಕೂ ಸೀಸ-ಆಮ್ಲ ಬ್ಯಾಟರಿಯೇ ಆಧಾರವಾಗಿದೆ.

ಇಲ್ಲಿ ನೀಡಿರುವ ಅಂಕಿಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಂದು ಬ್ಯಾಟರಿಗೂ ಅದರ ತಯಾರಕರು ನಿರ್ವಹಣಾ ಕೈಪಿಡಿಯೊಂದನ್ನು ನೀಡಿರುತ್ತಾರೆ. ಕೆಲಸ ಮಾಡುವಾಗ ಸದರಿ ಕೈಪಿಡಿ ಹಾಗೂ ವಿಮಾನದ ನಿರ್ವಹಣಾ ಕೈಪಿಡಿಯನ್ನೇ ಅನುಸರಿಸತಕ್ಕದ್ದು.

ವಿಮಾನದಲ್ಲಿ ಬ್ಯಾಟರಿಯ ಪಾತ್ರ

ಇಂಜಿನ್ ಚಾಲನೆಗೊಳಿಸುವುದು ಬ್ಯಾಟರಿಯ ಕೆಲಸ ಎಂಬುದು ಎಲ್ಲರಿಗೂ ತಿಳಿದಿರುವ ವಿಷಯ. ಆದರೆ ಅದು ಅದರ ಎರಡು ಕೆಲಸಗಳಲ್ಲಿ ಒಂದು ಮಾತ್ರ, ಮತ್ತು ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ಎರಡನೆಯದೇ ದೊಡ್ಡದು. ಹಾರಾಟದ ನಡುವೆ ಆಲ್ಟರ್ನೇಟರ್ ಕೆಟ್ಟುಹೋದಲ್ಲಿ ವಿಮಾನವನ್ನು ಇಳಿಸುವವರೆಗೆ ರೇಡಿಯೋ, ಟ್ರಾನ್ಸ್‌ಪಾಂಡರ್, ದೀಪಗಳು ಹಾಗೂ ವಿದ್ಯುತ್ ಚಾಲಿತ ಉಪಕರಣಗಳಿಗೆ ವಿದ್ಯುತ್ ಪೂರೈಸುವುದು ಬ್ಯಾಟರಿಯೊಂದೇ. ಸೆಸ್ನಾ 152 ಹಾಗೂ 172ರಂತಹ ವಿಮಾನಗಳಲ್ಲಿ ಇಂಜಿನ್ನಿನ ಕಿಡಿ ಮ್ಯಾಗ್ನೆಟೋದಿಂದ ಬರುವುದರಿಂದ ಬ್ಯಾಟರಿ ಬರಿದಾದರೂ ಇಂಜಿನ್ ನಿಲ್ಲುವುದಿಲ್ಲ. ಆದರೆ ರೆಕ್ಕೆಯ ಫ್ಲ್ಯಾಪ್‌ಗಳು ವಿದ್ಯುತ್ತಿನಿಂದಲೇ ಚಲಿಸುತ್ತವೆ. ನಿಯಂತ್ರಣ ಗೋಪುರದೊಡನೆ ಮಾತನಾಡುವ ರೇಡಿಯೋ ಸಹ ಮೌನವಾಗುತ್ತದೆ. ಒಂಟಿಯಾಗಿ ಹಾರುತ್ತಿರುವ ವಿದ್ಯಾರ್ಥಿಗೆ, ಅದರಲ್ಲೂ ಸಂಜೆ ಕತ್ತಲು ಕವಿಯುವ ಹೊತ್ತಿನಲ್ಲಿ, ಇದು ಸಣ್ಣ ಸಂಗತಿಯಲ್ಲ.

ಇಂಜಿನ್ ನಿಯಂತ್ರಣವೇ ವಿದ್ಯುನ್ಮಾನವಾಗಿರುವ ವಿಮಾನಗಳಲ್ಲಿ ಸ್ಥಿತಿ ಇನ್ನೂ ಗಂಭೀರ. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೈಯರ್ ಎಂಬಲ್ಲಿ ಎರಡು ಡೀಸೆಲ್ ಇಂಜಿನ್‌ಗಳ ಡೈಮಂಡ್ ಡಿಎ42 ವಿಮಾನದ ಬ್ಯಾಟರಿ ಬರಿದಾಗಿತ್ತು. ಹೊರಗಿನ ವಿದ್ಯುತ್ ಮೂಲದ ನೆರವಿನಿಂದ ಎರಡೂ ಇಂಜಿನ್‌ಗಳನ್ನು ಚಾಲನೆಗೊಳಿಸಿ ವಿಮಾನವನ್ನು ಮೇಲೇರಿಸಲಾಯಿತು. ಚಕ್ರಗಳನ್ನು ಒಳಗೆ ಎಳೆದುಕೊಳ್ಳುವ ಗುಂಡಿ ಒತ್ತಿದೊಡನೆ ಉಂಟಾದ ವಿದ್ಯುತ್ ಹೊರೆಯನ್ನು ಬರಿದಾದ ಬ್ಯಾಟರಿ ಹೊರಲಾರದೆ ವೋಲ್ಟೇಜ್ ಕ್ಷಣಕಾಲ ಕುಸಿಯಿತು. ಇಂಜಿನ್ ನಿಯಂತ್ರಣ ಗಣಕಗಳು ಆ ಕ್ಷಣದಲ್ಲಿ ಸ್ಥಗಿತಗೊಂಡು ಎರಡೂ ಇಂಜಿನ್‌ಗಳು ನಿಂತವು. ವಿಮಾನ ನೆಲಕ್ಕಪ್ಪಳಿಸಿತಾದರೂ ಪ್ರಾಣಹಾನಿಯಾಗಲಿಲ್ಲ. ಈ ಘಟನೆಯ ನಂತರ ಆ ಮಾದರಿಯ ವಿಮಾನಗಳಲ್ಲಿ ನಿಯಂತ್ರಣ ಗಣಕಗಳಿಗೆ ಪ್ರತ್ಯೇಕ ಮೀಸಲು ಬ್ಯಾಟರಿಯನ್ನು ಅಳವಡಿಸಲಾಯಿತು. ಇದೇ ಮಾದರಿಯ ವಿಮಾನಗಳು ಭಾರತದಲ್ಲಿಯೂ ಎರಡು ಇಂಜಿನ್‌ಗಳ ತರಬೇತಿಗೆ ಬಳಕೆಯಲ್ಲಿವೆ ಎಂಬುದನ್ನು ಗಮನಿಸಬೇಕು.

ರಚನೆ ಹಾಗೂ ಕಾರ್ಯ

ಬ್ಯಾಟರಿಯ ಪ್ರತಿಯೊಂದು ಕೋಶದಲ್ಲಿ ಸೀಸದ ಡೈಆಕ್ಸೈಡ್ ಲೇಪಿತ ಧನ ಫಲಕಗಳು, ಸ್ಪಂಜಿನಂತಹ ಸೀಸದ ಋಣ ಫಲಕಗಳು ಹಾಗೂ ಇವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ಒಂದು ಕೋಶದ ವೋಲ್ಟೇಜ್ ಸುಮಾರು 2. ಆದ್ದರಿಂದ 12 ವೋಲ್ಟ್ ಬ್ಯಾಟರಿಯಲ್ಲಿ 6 ಕೋಶಗಳು, 24 ವೋಲ್ಟ್ ಬ್ಯಾಟರಿಯಲ್ಲಿ 12 ಕೋಶಗಳಿರುತ್ತವೆ. ವಿದ್ಯುತ್ ಬಳಕೆಯಾದಂತೆ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗಿ, ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಚಾರ್ಜ್ ಮಾಡಿದಾಗ ಇದು ಹಿಮ್ಮುಖವಾಗಿ ನಡೆಯುತ್ತದೆ. ಆಮ್ಲದ ಸಾಂದ್ರತೆಯನ್ನು ಅಳೆದು ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆಯೆಂದು ಹೇಳಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಮನೆಗಳಲ್ಲಿ ಇನ್‌ವರ್ಟರ್‌ಗೆ ಬಳಸುವ ಬ್ಯಾಟರಿಯೂ ಇದೇ ತತ್ವದ್ದು. ಆದರೆ ತೂಕ ಕಡಿಮೆ ಇರಬೇಕು, ಕ್ಷಣಮಾತ್ರದಲ್ಲಿ ಹೆಚ್ಚಿನ ವಿದ್ಯುತ್ ಪ್ರವಾಹ ಸಿಗಬೇಕು ಎಂಬ ಕಾರಣಕ್ಕೆ ವಿಮಾನದ ಬ್ಯಾಟರಿಯಲ್ಲಿ ತೆಳುವಾದ ಫಲಕಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ತೆಳು ಫಲಕಗಳು ನಿರ್ಲಕ್ಷ್ಯವನ್ನು ಸಹಿಸುವುದಿಲ್ಲ. ಇನ್‌ವರ್ಟರ್ ಬ್ಯಾಟರಿಗೆ ತೋರುವ ಉದಾಸೀನವನ್ನು ವಿಮಾನದ ಬ್ಯಾಟರಿಗೆ ತೋರಿದರೆ ಕೆಲವೇ ವಾರಗಳಲ್ಲಿ ಅದು ನಿರುಪಯುಕ್ತವಾದೀತು.

ವಿಮಾನದ ಬ್ಯಾಟರಿಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಮುಚ್ಚಳ ತೆರೆದು ನೀರು ಹಾಕಬಹುದಾದ ದ್ರವ ತುಂಬಿದ ಬಗೆ; ಇದರ ಮುಚ್ಚಳಗಳಲ್ಲಿ ಸೀಸದ ಸಣ್ಣ ತೂಕವೊಂದಿದ್ದು, ವಿಮಾನ ಓರೆಯಾದಾಗ ಅಥವಾ ತಲೆಕೆಳಗಾದಾಗ ರಂಧ್ರವನ್ನು ಮುಚ್ಚಿ ಆಮ್ಲ ಚೆಲ್ಲದಂತೆ ತಡೆಯುತ್ತದೆ. ಎರಡನೆಯದು ಮುದ್ರೆ ಹಾಕಿದ ಬಗೆ. ಇದರಲ್ಲಿ ಗಾಜಿನ ನಾರಿನ ಹಾಳೆಗಳು ಆಮ್ಲವನ್ನು ಹೀರಿಕೊಂಡಿರುತ್ತವೆ, ಚಾರ್ಜ್ ಆಗುವಾಗ ಹುಟ್ಟುವ ಅನಿಲಗಳು ಒಳಗೇ ಸೇರಿ ಮತ್ತೆ ನೀರಾಗುತ್ತವೆ. ಮುದ್ರೆ ಹಾಕಿದ ಬ್ಯಾಟರಿಯ ಕವಾಟಗಳನ್ನು ಯಾವ ಕಾರಣಕ್ಕೂ ತೆರೆಯಬಾರದು. ಅದಕ್ಕೆ ನೀರು ಹಾಕುವ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ.

ಚಾರ್ಜ್ ಸ್ಥಿತಿಯನ್ನು ಅರಿಯುವ ವಿಧಾನ

ದ್ರವ ತುಂಬಿದ ಬ್ಯಾಟರಿಗೆ ಹೈಡ್ರೋಮೀಟರ್ ಅತ್ಯುತ್ತಮ ಸಾಧನ. ಸಾಪೇಕ್ಷ ಸಾಂದ್ರತೆ 1.275ರಿಂದ 1.300ರ ನಡುವೆ ಇದ್ದರೆ ಚಾರ್ಜ್ ಉತ್ತಮವಾಗಿದೆಯೆಂದೂ, 1.240ರಿಂದ 1.275ರ ನಡುವೆ ಇದ್ದರೆ ಮಧ್ಯಮವೆಂದೂ, 1.200ರಿಂದ 1.240ರ ನಡುವೆ ಇದ್ದರೆ ಕಡಿಮೆಯೆಂದೂ ತಿಳಿಯಬೇಕು. ನೀರು ಹಾಕಿದ ಕೂಡಲೇ ಅಳತೆ ತೆಗೆಯಬಾರದು. ಮೇಲೆ ನಿಂತ ನೀರು ಆಮ್ಲದೊಡನೆ ಬೆರೆಯುವವರೆಗೆ ಹೈಡ್ರೋಮೀಟರ್ ತಪ್ಪು ಅಂಕಿಯನ್ನೇ ತೋರಿಸುತ್ತದೆ.

ಉಷ್ಣತೆಯ ತಿದ್ದುಪಡಿಯನ್ನು ಅನೇಕರು ಮರೆಯುತ್ತಾರೆ. ಸಾಂದ್ರತೆಯ ಅಂಕಿಗಳು 27 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯಿಸುತ್ತವೆ. ದ್ರವದ ಉಷ್ಣತೆ ಇದಕ್ಕಿಂತ ಪ್ರತಿ 5.5 ಡಿಗ್ರಿ ಹೆಚ್ಚಿದಂತೆ ಓದಿದ ಅಂಕಿಗೆ 0.004 ಕೂಡಿಸಬೇಕು, ಕಡಿಮೆಯಾದಂತೆ ಅಷ್ಟನ್ನೇ ಕಳೆಯಬೇಕು. 21ರಿಂದ 32 ಡಿಗ್ರಿಯವರೆಗೆ ವ್ಯತ್ಯಾಸ ಅತ್ಯಲ್ಪವಾದ್ದರಿಂದ ತಿದ್ದುಪಡಿ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಇದೇ ಪರಿಸ್ಥಿತಿ. ಆದರೆ ಮೇ ತಿಂಗಳಲ್ಲಿ ಕಲಬುರಗಿಯ ಹ್ಯಾಂಗರ್ ಒಂದರಲ್ಲಿ ದ್ರವದ ಉಷ್ಣತೆ 43 ಡಿಗ್ರಿ ಇದ್ದು ಹೈಡ್ರೋಮೀಟರ್ 1.260 ತೋರಿಸಿತೆನ್ನೋಣ. ತಿದ್ದುಪಡಿಯ ನಂತರ ಅದು ಸುಮಾರು 1.272 ಆಗುತ್ತದೆ. ತಿದ್ದುಪಡಿ ಮಾಡದಿದ್ದಲ್ಲಿ ಬಹುಪಾಲು ಸರಿಯಾಗಿಯೇ ಇರುವ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್‌ಗೆ ಹಾಕಿ, ಬೇಸಿಗೆಯ ಬಿಸಿಯಲ್ಲಿ ಅದನ್ನು ಅನಗತ್ಯವಾಗಿ ಕುದಿಸಿದಂತಾಗುತ್ತದೆ.

ಎಲ್ಲ ಕೋಶಗಳ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ಕೋಶ ಮಾತ್ರ ಉಳಿದವುಗಳಿಗಿಂತ 0.050ರಷ್ಟು ಹಿಂದುಳಿದಿದ್ದು, ಪೂರ್ಣ ಚಾರ್ಜ್ ಮಾಡಿದ ಮೇಲೂ ಚೇತರಿಸದಿದ್ದರೆ ಆ ಕೋಶದಲ್ಲಿ ದೋಷವಿದೆಯೆಂದು ಅರ್ಥ.

ಮುದ್ರೆ ಹಾಕಿದ ಬ್ಯಾಟರಿಗಳಲ್ಲಿ ವೋಲ್ಟೇಜ್ ಅಳತೆಯೇ ಗತಿ. ಚಾರ್ಜ್‌ನಿಂದ ತೆಗೆದು ಕೆಲವು ಗಂಟೆಗಳ ಕಾಲ ಯಾವ ಹೊರೆಯೂ ಇಲ್ಲದೆ ಬಿಟ್ಟ ನಂತರವೇ ಅಳೆಯಬೇಕು. ದ್ರವ ತುಂಬಿದ ಬಗೆಗೆ ಒಂದು ಸುಲಭ ಲೆಕ್ಕವಿದೆ: ಸಾಪೇಕ್ಷ ಸಾಂದ್ರತೆಗೆ 0.84 ಕೂಡಿಸಿದರೆ ಒಂದು ಕೋಶದ ವೋಲ್ಟೇಜ್ ಹೆಚ್ಚುಕಡಿಮೆ ದೊರೆಯುತ್ತದೆ. 1.285 ಸಾಂದ್ರತೆಯ ಕೋಶಕ್ಕೆ 2.125 ವೋಲ್ಟ್, ಆರು ಕೋಶಗಳಿಗೆ 12.75 ವೋಲ್ಟ್. ಮುದ್ರೆ ಹಾಕಿದ ಬಗೆಯಲ್ಲಿ ಇದಕ್ಕಿಂತ ತುಸು ಹೆಚ್ಚಿರುತ್ತದೆ.

"ಇಂಜಿನ್ ಸ್ಟಾರ್ಟ್ ಆಗುತ್ತದೆ" ಎಂಬ ತಪ್ಪು ಭರವಸೆ

ಬ್ಯಾಟರಿಯ ಕುರಿತಾದ ತಪ್ಪು ತಿಳಿವಳಿಕೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದು. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಇಂಜಿನ್ ಚಾಲನೆಗೊಂಡರೆ ಬ್ಯಾಟರಿ ಚೆನ್ನಾಗಿದೆಯೆಂದು ಭಾವಿಸಲಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಈ ಭಾವನೆಗೆ ಆಧಾರವಿಲ್ಲ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಪ್ರವಾಹವನ್ನು 5 ಸೆಕೆಂಡುಗಳ ಕಾಲ ಎಳೆದರೆ ಖರ್ಚಾಗುವುದು ಸುಮಾರು 0.2 ಆಂಪಿಯರ್-ಗಂಟೆ ಮಾತ್ರ. 24 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಲ್ಲಿ ಇದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡ ಬ್ಯಾಟರಿಯೂ ಇಂಜಿನ್ನನ್ನು ಚಾಲನೆಗೊಳಿಸಬಲ್ಲದು.

ಈಗ ಅದೇ ಬ್ಯಾಟರಿಗೆ ಎರಡನೆಯ ಕೆಲಸ ಬಂದಿತೆನ್ನೋಣ. ಆಲ್ಟರ್ನೇಟರ್ ಕೆಟ್ಟಿದೆ, ಅನಗತ್ಯ ಉಪಕರಣಗಳನ್ನೆಲ್ಲ ಆರಿಸಿದ ಮೇಲೂ 15 ಆಂಪಿಯರ್ ಹೊರೆ ಉಳಿದಿದೆ. ಬ್ಯಾಟರಿಯ ಸಾಮರ್ಥ್ಯ ಶೇ. 80ರಷ್ಟಿದ್ದರೆ 19.2 ಆಂಪಿಯರ್-ಗಂಟೆ ದೊರೆತು, ಒಂದು ಗಂಟೆ ಕಾಲು ತಾಸಿನಷ್ಟು ಸಮಯ ಸಿಗುತ್ತದೆ. ಸಾಮರ್ಥ್ಯ ಶೇ. 40ಕ್ಕೆ ಇಳಿದಿದ್ದರೆ 38 ನಿಮಿಷಗಳು ಮಾತ್ರ. ಅದೂ ಆಲ್ಟರ್ನೇಟರ್ ಕೆಟ್ಟ ಕ್ಷಣದಲ್ಲಿಯೇ ಪೈಲಟ್ ಗಮನಿಸಿ ಹೊರೆ ಇಳಿಸಿದ್ದರೆ. ಎಚ್ಚರಿಕೆಯ ದೀಪವನ್ನು ಕಾಲು ಗಂಟೆ ತಡವಾಗಿ ಗಮನಿಸಿದಲ್ಲಿ ಉಳಿಯುವ ಸಮಯವನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಮುಖ್ಯ ವಿದ್ಯುತ್ ಮೂಲ ವಿಫಲವಾದ ನಂತರ ಅವಶ್ಯಕ ಉಪಕರಣಗಳಿಗೆ ಕನಿಷ್ಠ 30 ನಿಮಿಷ ವಿದ್ಯುತ್ ಒದಗಬೇಕೆಂಬುದು ಸಣ್ಣ ವಿಮಾನಗಳ ವಿನ್ಯಾಸದಲ್ಲಿ ಅನುಸರಿಸಿಕೊಂಡು ಬಂದ ಅಳತೆಗೋಲು. ಬ್ಯಾಟರಿಯ ಸಾಮರ್ಥ್ಯ ಕುಸಿದಿದ್ದರೆ ಆ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಆದುದರಿಂದ ಸಾಮರ್ಥ್ಯ ಪರೀಕ್ಷೆಯೊಂದೇ ನಂಬಲರ್ಹವಾದ ಸಾಕ್ಷ್ಯ. ಪೂರ್ಣವಾಗಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಅದರ ಒಂದು ಗಂಟೆಯ ದರದಲ್ಲಿ, ಅಂದರೆ 24 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 24 ಆಂಪಿಯರ್‌ನಲ್ಲಿ, 12 ವೋಲ್ಟ್ ಬ್ಯಾಟರಿಯಾದರೆ 10 ವೋಲ್ಟ್‌ಗೂ 24 ವೋಲ್ಟ್ ಬ್ಯಾಟರಿಯಾದರೆ 20 ವೋಲ್ಟ್‌ಗೂ ಇಳಿಯುವವರೆಗೆ ಖಾಲಿ ಮಾಡಿ, ತಗಲಿದ ಸಮಯವನ್ನು ದಾಖಲಿಸಲಾಗುತ್ತದೆ. ಸಾಮಾನ್ಯವಾಗಿ ಶೇ. 80, ಅಂದರೆ 48 ನಿಮಿಷ, ಕನಿಷ್ಠ ಮಿತಿಯಾಗಿರುತ್ತದೆ. ಕೆಲವು ಕೈಪಿಡಿಗಳಲ್ಲಿ ಇದಕ್ಕಿಂತ ಹೆಚ್ಚಿನ ಮಿತಿಯಿದೆ. ಮೊದಲ ಬಾರಿ ಅನುತ್ತೀರ್ಣವಾದ ಬ್ಯಾಟರಿಯನ್ನು ಕೈಪಿಡಿಯ ಕ್ರಮದಂತೆ ಪುನಶ್ಚೇತನಗೊಳಿಸಿ ಮತ್ತೊಮ್ಮೆ ಪರೀಕ್ಷಿಸಬಹುದು. ಆಗಲೂ ಮಿತಿ ತಲುಪದಿದ್ದಲ್ಲಿ ಅದನ್ನು ವಿಮಾನಕ್ಕೆ ಅಳವಡಿಸಲು ಅವಕಾಶವಿಲ್ಲ. ಇಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆಯೆಂಬ ವಾದವನ್ನು ಈ ಹಂತದಲ್ಲಿ ಪರಿಗಣಿಸತಕ್ಕದ್ದಲ್ಲ. ಪರೀಕ್ಷೆ ಮುಗಿದೊಡನೆ, ವಿಳಂಬವಿಲ್ಲದೆ, ಬ್ಯಾಟರಿಯನ್ನು ಮರಳಿ ಚಾರ್ಜ್ ಮಾಡಬೇಕು.

ಚಾರ್ಜ್ ಮಾಡುವ ವಿಧಾನಗಳು

ಸ್ಥಿರ ವೋಲ್ಟೇಜ್ ವಿಧಾನದಲ್ಲಿ ಚಾರ್ಜರ್ ಒಂದೇ ವೋಲ್ಟೇಜ್ ನೀಡುತ್ತದೆ. ಬ್ಯಾಟರಿ ಖಾಲಿಯಿದ್ದಾಗ ಹೆಚ್ಚು ಪ್ರವಾಹ ಹರಿದು, ತುಂಬುತ್ತ ಬಂದಂತೆ ತಾನಾಗಿಯೇ ಕಡಿಮೆಯಾಗುತ್ತದೆ. 12 ವೋಲ್ಟ್ ಬ್ಯಾಟರಿಗೆ 14.0ರಿಂದ 14.4 ವೋಲ್ಟ್, 24 ವೋಲ್ಟ್ ಬ್ಯಾಟರಿಗೆ 28.0ರಿಂದ 28.8 ವೋಲ್ಟ್‌ವರೆಗಿನ ವ್ಯಾಪ್ತಿಯನ್ನು ತಯಾರಕರು ಸೂಚಿಸುವುದು ವಾಡಿಕೆ. ವಿಮಾನದೊಳಗೆ ಆಲ್ಟರ್ನೇಟರ್ ಸಹ ಇದೇ ವಿಧಾನದಲ್ಲಿ ಚಾರ್ಜ್ ಮಾಡುತ್ತದೆ. ವಾತಾವರಣ ಬಿಸಿಯಾಗಿದ್ದಾಗ ವೋಲ್ಟೇಜನ್ನು ವ್ಯಾಪ್ತಿಯ ಕೆಳಭಾಗದಲ್ಲಿಯೂ, ತಣ್ಣಗಿದ್ದಾಗ ಮೇಲ್ಭಾಗದಲ್ಲಿಯೂ ಇರಿಸಬೇಕು. ಅರ್ಧ ವೋಲ್ಟ್‌ನ ವ್ಯತ್ಯಾಸ ಅತ್ಯಲ್ಪವೆಂದು ತೋರಬಹುದು. ಆದರೆ ದಿನವಿಡೀ ಹಾರುವ ತರಬೇತಿ ವಿಮಾನದಲ್ಲಿ ರೆಗ್ಯುಲೇಟರ್ ಅಷ್ಟು ಹೆಚ್ಚು ನೀಡುತ್ತಿದ್ದರೆ ಕೋಶಗಳ ನೀರು ಬೇಗನೆ ಒಣಗುತ್ತದೆ. ಬ್ಯಾಟರಿ ಪದೇ ಪದೇ ನೀರು ಕೇಳುತ್ತಿದ್ದರೆ ಬ್ಯಾಟರಿಯನ್ನು ದೂರುವ ಮುನ್ನ ರೆಗ್ಯುಲೇಟರ್‌ನ ವೋಲ್ಟೇಜ್ ಅಳೆಯುವುದು ಒಳ್ಳೆಯದು.

ಸ್ಥಿರ ಪ್ರವಾಹ ವಿಧಾನದಲ್ಲಿ ನಿಗದಿತ ಪ್ರವಾಹವನ್ನು ಕೊನೆಯವರೆಗೂ ಹರಿಸಲಾಗುತ್ತದೆ. ಕಾರ್ಯಾಗಾರದಲ್ಲಿ ಹೊಸ ಬ್ಯಾಟರಿಯ ಪ್ರಥಮ ಚಾರ್ಜ್‌ಗೆ ಹಾಗೂ ಪುನಶ್ಚೇತನಕ್ಕೆ ಇದನ್ನು ಬಳಸುತ್ತಾರೆ. ಇದರಲ್ಲಿ ಪ್ರವಾಹ ತಾನಾಗಿ ಕಡಿಮೆಯಾಗದ ಕಾರಣ ಮೇಲ್ವಿಚಾರಣೆ ಅತ್ಯಗತ್ಯ. ಚಾರ್ಜ್‌ಗೆ ಹಾಕಿ ಊಟಕ್ಕೆ ಹೋಗಿ ಸಂಜೆ ಬರುವಂತಿಲ್ಲ. ಒಂದು ಗಂಟೆಯ ಅಂತರದಲ್ಲಿ ತೆಗೆದ ಮೂರು ಅಳತೆಗಳಲ್ಲಿ ವೋಲ್ಟೇಜ್ ಮತ್ತು ಸಾಪೇಕ್ಷ ಸಾಂದ್ರತೆ ಏರದೆ ನಿಂತಿದ್ದರೆ ಚಾರ್ಜ್ ಪೂರ್ಣಗೊಂಡಿದೆ. ದ್ರವದ ಉಷ್ಣತೆ ಕೈಪಿಡಿಯ ಮಿತಿಯನ್ನು ಮೀರಿದರೆ ಪ್ರವಾಹವನ್ನು ತಗ್ಗಿಸಬೇಕು ಅಥವಾ ನಿಲ್ಲಿಸಿ ತಣಿಯಲು ಬಿಡಬೇಕು. ಈ ಮಿತಿ ಸಾಮಾನ್ಯವಾಗಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇರುತ್ತದೆ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಕೊಠಡಿಯೇ 40 ಡಿಗ್ರಿ ದಾಟಿರುವಾಗ ಚಾರ್ಜ್ ಮಾಡುವ ಕೆಲಸವನ್ನು ಮುಂಜಾನೆ ಅಥವಾ ರಾತ್ರಿಗೆ ಇಟ್ಟುಕೊಳ್ಳುವುದು ವಿವೇಕ.

ಮೋಟಾರು ಗ್ಯಾರೇಜುಗಳಲ್ಲಿ ಸಿಗುವ ವೇಗದ ಚಾರ್ಜರ್‌ಗಳನ್ನು ಬಳಸಬಾರದು. ಸಲ್ಫೇಟ್ ಕರಗಿಸುವುದಾಗಿ ಹೇಳಿ ವೋಲ್ಟೇಜನ್ನು ತಾನಾಗಿ ಏರಿಸುವ ಚಾರ್ಜರ್‌ಗಳು ಮುದ್ರೆ ಹಾಕಿದ ಬ್ಯಾಟರಿಯನ್ನು ಸರಿಪಡಿಸಲಾಗದಷ್ಟು ಹಾಳುಮಾಡಬಲ್ಲವು.

ನೀರು ಮತ್ತು ಆಮ್ಲ

ದ್ರವ ತುಂಬಿದ ಬ್ಯಾಟರಿಯಲ್ಲಿ ಕಡಿಮೆಯಾಗುವುದು ನೀರೇ ಹೊರತು ಆಮ್ಲವಲ್ಲ. ಆದ್ದರಿಂದ ಸೇರಿಸಬೇಕಾದುದೂ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ಅಥವಾ ನಲ್ಲಿ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡ್ ಮುಂತಾದವು ಫಲಕಗಳಿಗೆ ವಿಷವಿದ್ದಂತೆ. ಕುಡಿಯಲು ಶುದ್ಧೀಕರಿಸಿದ ಕ್ಯಾನ್ ನೀರು ಡಿಸ್ಟಿಲ್ಡ್ ವಾಟರ್ ಅಲ್ಲ. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಇನ್‌ವರ್ಟರ್‌ಗೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ವಿಮಾನದ ಬ್ಯಾಟರಿಗೆ ಅದು ಸಲ್ಲದು.

ನೀರನ್ನು ಚಾರ್ಜ್ ಪೂರ್ಣಗೊಂಡ ನಂತರ, ಕೋಶದೊಳಗಿನ ಗುರುತಿನವರೆಗೆ ಮಾತ್ರ ತುಂಬಬೇಕು. ಚಾರ್ಜ್ ಆಗುವಾಗ ದ್ರವದ ಮಟ್ಟ ಏರುತ್ತದೆ. ಮೊದಲೇ ತುಂಬಿದರೆ ಆಮ್ಲ ಉಕ್ಕಿ ಹರಿಯುತ್ತದೆ. ಫಲಕಗಳ ಮೇಲ್ಭಾಗವೇ ಕಾಣುವಷ್ಟು ನೀರು ಇಳಿದಿದ್ದರೆ ಮಾತ್ರ ಅವು ಮುಳುಗುವಷ್ಟು ನೀರನ್ನು ಮೊದಲು ಹಾಕಿ ಚಾರ್ಜ್ ಆರಂಭಿಸಬಹುದು.

ಒಣ ಸ್ಥಿತಿಯಲ್ಲಿ ಬರುವ ಹೊಸ ಬ್ಯಾಟರಿಗೆ ವಿಮಾನ ದರ್ಜೆಯ, ಸಾಮಾನ್ಯವಾಗಿ 1.285 ಸಾಂದ್ರತೆಯ ಆಮ್ಲವನ್ನೇ ತುಂಬಬೇಕು. ಮೋಟಾರು ವಾಹನಗಳ ಆಸಿಡ್‌ನ ಸಾಂದ್ರತೆ ಇದಕ್ಕಿಂತ ಕಡಿಮೆ. ಎಲ್ಲಿಯಾದರೂ ಆಮ್ಲವನ್ನು ತೆಳುಗೊಳಿಸಬೇಕಾಗಿ ಬಂದಲ್ಲಿ ನೀರಿಗೆ ಆಮ್ಲವನ್ನು ನಿಧಾನವಾಗಿ ಸುರಿಯಬೇಕು. ಆಮ್ಲಕ್ಕೆ ನೀರು ಸುರಿದರೆ ಅದು ಕ್ಷಣದಲ್ಲಿ ಕುದಿದು ಮುಖಕ್ಕೆ ಸಿಡಿಯುತ್ತದೆ.

ಬ್ಯಾಟರಿ ಕೊಠಡಿಯಲ್ಲಿ ವಹಿಸಬೇಕಾದ ಎಚ್ಚರಿಕೆ

ಚಾರ್ಜ್ ಅಂತಿಮ ಹಂತ ತಲುಪಿದಾಗ ನೀರು ವಿಭಜನೆಗೊಂಡು ಜಲಜನಕ ಹಾಗೂ ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇ. 4 ಆದರೆ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಈ ಅನಿಲ ಹಗುರವಾದ್ದರಿಂದ ಛಾವಣಿಯ ಬಳಿ ಸಂಗ್ರಹವಾಗುತ್ತದೆ, ಗಾಳಿಕಿಂಡಿ ಮೇಲ್ಭಾಗದಲ್ಲಿರಬೇಕು. ಚಾರ್ಜರ್ ಚಾಲೂ ಇರುವಾಗ ಕ್ಲಿಪ್‌ಗಳನ್ನು ಕೀಳಬಾರದು. ಮೊದಲು ಚಾರ್ಜರ್ ಆರಿಸಿ, ನಂತರ ತಂತಿ ಬಿಡಿಸಬೇಕು. ಕೈಗಡಿಯಾರ, ಉಂಗುರ, ಕಡಗಗಳನ್ನು ತೆಗೆದಿಡಬೇಕು. ಆಯುಧಪೂಜೆಯ ದಿನ ಕಾರ್ಯಾಗಾರದ ಸಲಕರಣೆಗಳಿಗೆ ಪೂಜೆ ಸಲ್ಲಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬ್ಯಾಟರಿ ಕೊಠಡಿಗೆ ಹೂವು, ಕುಂಕುಮ ಸಾಕು, ದೀಪ, ಕರ್ಪೂರ ಹಾಗೂ ಊದುಬತ್ತಿಯನ್ನು ಬಾಗಿಲ ಹೊರಗೇ ಬೆಳಗಬೇಕೆಂದು ಕೋರಲಾಗಿದೆ.

ಕನ್ನಡಕ, ರಬ್ಬರ್ ಕೈಗವಸು ಹಾಗೂ ಏಪ್ರನ್ ಧರಿಸದೆ ಆಮ್ಲವನ್ನು ಮುಟ್ಟಬಾರದು. ಕಣ್ಣಿಗೆ ಆಮ್ಲ ಸಿಡಿದಲ್ಲಿ ತಕ್ಷಣ ಧಾರಾಳವಾದ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಣ್ಣಿಗೆ ಸೋಡಾ ದ್ರಾವಣವನ್ನು ಹಾಕಬಾರದು. ನೆಲದ ಮೇಲೆ ಅಥವಾ ಬ್ಯಾಟರಿ ಪೆಟ್ಟಿಗೆಯಲ್ಲಿ ಚೆಲ್ಲಿದ ಆಮ್ಲಕ್ಕೆ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ, ನೊರೆ ಬರುವುದು ನಿಂತ ಮೇಲೆ ತೊಳೆಯಬೇಕು. ಹೀಗೆ ಮಾಡುವಾಗ ಕೋಶಗಳ ಮುಚ್ಚಳ ಭದ್ರವಾಗಿರಲಿ. ಸೋಡಾ ಒಳಗೆ ಹೋದರೆ ಅದು ಒಳಗಿನ ಆಮ್ಲವನ್ನೂ ನಿಷ್ಕ್ರಿಯಗೊಳಿಸುತ್ತದೆ.

ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಇದೇ ಕೊಠಡಿಯಲ್ಲಿ ನಿರ್ವಹಿಸತಕ್ಕದ್ದಲ್ಲ. ಅವುಗಳ ದ್ರವ ಕ್ಷಾರ. ಆಮ್ಲದ ಹಬೆಯೂ ಅವುಗಳನ್ನು ಕೆಡಿಸುತ್ತದೆ. ಹೈಡ್ರೋಮೀಟರ್, ಆಲಿಕೆ, ಸ್ಪ್ಯಾನರ್ ಎಲ್ಲವೂ ಪ್ರತ್ಯೇಕವಾಗಿರಬೇಕು.

ವಿಮಾನದಿಂದ ತೆಗೆಯುವುದು, ಜೋಡಿಸುವುದು

ತೆಗೆಯುವಾಗ ಋಣ ತಂತಿಯನ್ನು ಮೊದಲು ಬಿಡಿಸಬೇಕು, ಜೋಡಿಸುವಾಗ ಅದನ್ನು ಕೊನೆಗೆ ಸೇರಿಸಬೇಕು. ಇದಕ್ಕೆ ಕಾರಣ ಸರಳ: ವಿಮಾನದ ಲೋಹದ ಒಡಲೇ ಋಣ ತುದಿಗೆ ಜೋಡಣೆಗೊಂಡಿರುತ್ತದೆ. ಋಣ ತಂತಿ ಇನ್ನೂ ಜೋಡಣೆಯಲ್ಲಿರುವಾಗ ಧನ ತುದಿಗೆ ಹಿಡಿದ ಸ್ಪ್ಯಾನರ್ ಒಡಲಿಗೆ ತಾಗಿದರೆ ನೂರಾರು ಆಂಪಿಯರ್ ಕಿಡಿ ಹಾರುತ್ತದೆ. ಪೆಟ್ಟಿಗೆಯ ಒಳಬದಿಯ ಆಮ್ಲ ನಿರೋಧಕ ಬಣ್ಣ ಎದ್ದಿದೆಯೇ, ಅನಿಲ ಹೊರಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂಬುದನ್ನು ಆಗಲೇ ನೋಡಬೇಕು. ಮಳೆಗಾಲದ ನಂತರ ಕಣಜದ ಹುಳುಗಳು ಇಂತಹ ಕೊಳವೆಗಳಲ್ಲಿ ಮಣ್ಣಿನ ಗೂಡು ಕಟ್ಟುವುದು ಅಪರೂಪವಲ್ಲ. ತುದಿಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಶುಚಿಗೊಳಿಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರುವುದು ರೂಢಿ.

ಬೇರೆ ಮಾದರಿಯ ಬ್ಯಾಟರಿ ಅಳವಡಿಸಲು ಅನುಮೋದನೆ ಬೇಕು. ತೂಕ ಬದಲಾದರೆ ವಿಮಾನದ ಗುರುತ್ವ ಕೇಂದ್ರವೂ ಬದಲಾಗುತ್ತದೆ. ಅಳತೆಯಲ್ಲಿ ಸರಿಹೊಂದುತ್ತದೆಯೆಂದು ಕಾರಿನ ಬ್ಯಾಟರಿ ಇರಿಸುವುದು ನಿಯಮಬಾಹಿರ.

ಬರಿದಾದ ಬ್ಯಾಟರಿ

ಮಾಸ್ಟರ್ ಸ್ವಿಚ್ಚನ್ನು ಆರಿಸದೆ ಹೋಗುವುದು ತರಬೇತಿ ಸಂಸ್ಥೆಗಳಲ್ಲಿ ಬ್ಯಾಟರಿ ಬರಿದಾಗಲು ಅತಿ ಸಾಮಾನ್ಯ ಕಾರಣ. ಇದಕ್ಕಾಗಿ ಅನೇಕ ಕಡೆ ಬಾಲದ ಮೇಲಿನ ಕೆಂಪು ಬೀಕನ್ ದೀಪದ ಸ್ವಿಚ್ಚನ್ನು ಸದಾ ಹಾಕಿಯೇ ಇಡುತ್ತಾರೆ. ಮಾಸ್ಟರ್ ಉಳಿದಿದ್ದರೆ ದೂರದಿಂದಲೇ ಆ ದೀಪ ಕಾಣುತ್ತದೆ. ಖರ್ಚಿಲ್ಲದ ಈ ಉಪಾಯ ಎಷ್ಟೋ ಬ್ಯಾಟರಿಗಳನ್ನು ಉಳಿಸಿದೆ.

ಪೂರ್ತಿ ಬರಿದಾದ ಬ್ಯಾಟರಿ ಇರುವ ವಿಮಾನವನ್ನು ಹೊರಗಿನ ವಿದ್ಯುತ್ತಿನಿಂದ ಚಾಲನೆಗೊಳಿಸಿ ಹಾರಾಟಕ್ಕೆ ಕೊಂಡೊಯ್ಯಬಾರದು. ಖಾಲಿ ಬ್ಯಾಟರಿಗೆ ಆಲ್ಟರ್ನೇಟರ್‌ನಿಂದ ಒಮ್ಮೆಗೇ ಹೆಚ್ಚಿನ ಪ್ರವಾಹ ನುಗ್ಗಿ ಬಿಸಿಯೇರುತ್ತದೆ. ಅಷ್ಟರಲ್ಲಿ ಆಲ್ಟರ್ನೇಟರ್ ಕೆಟ್ಟರೆ ಮೀಸಲು ಏನೂ ಉಳಿದಿರುವುದಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಇಂಜಿನ್ ಚಾಲನೆಗೊಳಿಸುವುದೂ ಪರಿಹಾರವಲ್ಲ. ಅದರಿಂದ ಜೀವಾಪಾಯವಿರುವುದು ಒಂದು ಕಡೆ. ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಲು ಆರಂಭಿಸಬೇಕಾದರೆ ಅದರ ಸುರುಳಿಗೆ ಬ್ಯಾಟರಿಯಿಂದಲೇ ಸ್ವಲ್ಪ ವಿದ್ಯುತ್ ಹೋಗಬೇಕೆಂಬುದು ಇನ್ನೊಂದು ಕಡೆ. ಆದುದರಿಂದ ಬ್ಯಾಟರಿಯನ್ನು ಹೊರತೆಗೆದು, ಚಾರ್ಜ್ ಮಾಡಿ, ಸಾಮರ್ಥ್ಯ ಪರೀಕ್ಷೆ ನಡೆಸಿದ ನಂತರವೇ ವಿಮಾನವನ್ನು ಸೇವೆಗೆ ಬಿಡುವುದು ಸರಿಯಾದ ಕ್ರಮ. ಇದರಿಂದ ವಿದ್ಯಾರ್ಥಿಯ ಅಂದಿನ ಪಾಳಿ ತಪ್ಪುತ್ತದೆ ಎಂಬುದು ನಿಜ. ಪಾಳಿಯನ್ನು ಮತ್ತೊಂದು ದಿನ ಪಡೆಯಬಹುದು.

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಫಲಕಗಳಿಗೆ ಅಂಟಿಕೊಂಡು, ನಂತರದ ಚಾರ್ಜ್‌ಗೆ ಕರಗುವುದಿಲ್ಲ. ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿಯೇ ಖಾಲಿಯಾಗುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಇದು ವೇಗವಾಗಿ ನಡೆಯುತ್ತದೆ. ಮುದ್ರೆ ಹಾಕಿದ ಬ್ಯಾಟರಿಯನ್ನು ದಾಸ್ತಾನಿನಲ್ಲಿ ತಂಪಾದ ಕೊಠಡಿಯಲ್ಲಿರಿಸಿ, 90 ದಿನಗಳಿಗೊಮ್ಮೆ ಅಥವಾ ವೋಲ್ಟೇಜ್ 12.5ಕ್ಕೆ, 24 ವೋಲ್ಟ್‌ನದಾದರೆ 25.0ಕ್ಕೆ ಇಳಿದಾಗ ಚಾರ್ಜ್ ಮಾಡಬೇಕೆಂದು ಸಲಹೆ ನೀಡಲಾಗುತ್ತದೆ. ದ್ರವ ತುಂಬಿದ ಬ್ಯಾಟರಿಗೆ ಇದಕ್ಕಿಂತ ಬೇಗನೆ ಬೇಕಾಗುತ್ತದೆ. ಮಳೆಗಾಲದಲ್ಲಿ ಹಾರಾಟ ವಾರಗಟ್ಟಲೆ ನಿಂತಾಗ ಈ ಕೆಲಸವನ್ನು ಯಾರು ಮಾಡಬೇಕೆಂದು ಮೊದಲೇ ನಿಗದಿಪಡಿಸಿರಬೇಕು.

ಅಧಿಕಾರ, ದಾಖಲೆ ಹಾಗೂ ವಿಲೇವಾರಿ

ನಾಗರಿಕ ವಿಮಾನಗಳ ನಿರ್ವಹಣೆಯ ಪರವಾನಗಿ ಹಾಗೂ ಅನುಮೋದನೆ ನೀಡುವ ಅಧಿಕಾರ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದ್ದು. ರಾಜ್ಯದ ಯಾವುದೇ ಕಚೇರಿ ಇದನ್ನು ನೀಡುವುದಿಲ್ಲ. ಪರವಾನಗಿಗೆ ಸಂಬಂಧಿಸಿದ ಅರ್ಜಿಗಳನ್ನು ಮಹಾನಿರ್ದೇಶನಾಲಯದ ಇ-ಜಿಸಿಎ ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ನಿರ್ವಹಣಾ ಇಂಜಿನಿಯರ್ ಪರವಾನಗಿಯ ಪಠ್ಯಕ್ರಮದಲ್ಲಿ ವಿದ್ಯುತ್ ಮೂಲತತ್ವಗಳ ಮೂರನೆಯ ವಿಭಾಗದಲ್ಲಿ ಸೀಸ-ಆಮ್ಲ ಹಾಗೂ ನಿಕಲ್-ಕ್ಯಾಡ್ಮಿಯಂ ಕೋಶಗಳ ರಚನೆ ಮತ್ತು ಕಾರ್ಯವನ್ನು ಓದಬೇಕಾಗಿದ್ದು, ಅಭ್ಯರ್ಥಿಗಳು ಮೇಲಿನ ವಿವರಗಳನ್ನು ಅದಕ್ಕೆ ಪೂರಕವಾಗಿ ಬಳಸಿಕೊಳ್ಳಬಹುದು. 1934ರ ವಿಮಾನ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ದಿನಾಂಕ 1 ಜನವರಿ 2025ರಿಂದ ಜಾರಿಗೆ ಬಂದಿರುವುದನ್ನು ಹಳೆಯ ಪುಸ್ತಕಗಳನ್ನು ಓದುವವರು ಗಮನದಲ್ಲಿಡಬೇಕು.

ಪ್ರತಿ ಬ್ಯಾಟರಿಗೂ ಅದರ ಕ್ರಮಸಂಖ್ಯೆಯ ಹೆಸರಿನಲ್ಲಿ ಪ್ರತ್ಯೇಕ ದಾಖಲೆ ಪತ್ರವಿರಬೇಕು. ದಿನಾಂಕ, ಉಷ್ಣತೆ, ಪ್ರತಿ ಕೋಶದ ಸಾಂದ್ರತೆ, ಸೇರಿಸಿದ ನೀರಿನ ಪ್ರಮಾಣ, ಸಾಮರ್ಥ್ಯ ಪರೀಕ್ಷೆಯ ನಿಮಿಷಗಳು ಇದರಲ್ಲಿರಬೇಕು. ಕಳೆದ ವರ್ಷ 58 ನಿಮಿಷ, ನಂತರ 54, ಈಗ 49 ಎಂದು ಬರೆದಿದ್ದರೆ ಆ ಬ್ಯಾಟರಿ ಇಂದಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದ್ದರೂ ಹೊಸದಕ್ಕೆ ಬೇಡಿಕೆ ಸಲ್ಲಿಸುವ ಕಾಲ ಬಂದಿದೆ. ಕೇವಲ "ಸರಿಯಿದೆ" ಎಂದು ಬರೆದ ಪತ್ರದಿಂದ ಇದು ತಿಳಿಯುವುದಿಲ್ಲ.

ಸೇವೆಯಿಂದ ತೆಗೆದ ಬ್ಯಾಟರಿಯನ್ನು ಗುಜರಿಗೆ ಹಾಕುವಂತಿಲ್ಲ. ಆಮ್ಲವನ್ನು ಚರಂಡಿಗೆ ಚೆಲ್ಲುವಂತೆಯೂ ಇಲ್ಲ. ಸೀಸವು ವಿಷಕಾರಿಯಾಗಿದ್ದು, ಮುಖ್ಯವಾಗಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. 2001ರ ಬ್ಯಾಟರಿ ನಿಯಮಗಳ ಬದಲಿಗೆ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ. ಇದರಂತೆ ಹಳೆಯ ಬ್ಯಾಟರಿಯನ್ನು ಉತ್ಪಾದಕರ ಸಂಗ್ರಹಣಾ ವ್ಯವಸ್ಥೆಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಒಪ್ಪಿಸುವ ಮುನ್ನ ತುದಿಗಳಿಗೆ ಟೇಪು ಸುತ್ತಿ, ಬ್ಯಾಟರಿಯನ್ನು ನೇರವಾಗಿ ನಿಲ್ಲಿಸಿ ಸಾಗಿಸತಕ್ಕದ್ದು. ರಸೀದಿಯ ಪ್ರತಿಯನ್ನು ಸದರಿ ಬ್ಯಾಟರಿಯ ದಾಖಲೆ ಪತ್ರದೊಂದಿಗೆ ಲಗತ್ತಿಸಬೇಕು.